ಅತ್ತೆಯವರ ಕಾಲಿಫ್ಲವರ್, ನನ್ನ ಕೋನ್‌ಫ್ಲವರ್

ಯರಗುಪ್ಪಿಯ ಮನೆಗೆ ಸೊಸೆಯಾಗಿ ಬಂದ ಹದಿನೈದು ದಿನದೊಳಗೆ ನಾನು ಅತ್ತೆಗೆ ಒಂದು ಸುಳ್ಳು ಹೇಳಿದೆ. ಹೇಳಿದೆ ಅನ್ನುವುದೂ ಪೂರ್ತಿ ನಿಜವಲ್ಲ. ಅವರು ತಾವಾಗಿಯೇ ಒಂದು ಮಾತನ್ನು ತಪ್ಪಾಗಿ ಕೇಳಿಸಿಕೊಂಡರು, ನಾನು ಬಾಯಿ ಮುಚ್ಚಿಕೊಂಡು ಕೂತೆ. ಆ ಬಾಯಿ ತೆರೆಯುವುದಕ್ಕೆ ಒಂದೂವರೆ ವರ್ಷ ಹಿಡಿಯಿತು.

ಎಪ್ಪತ್ತರ ದಶಕದ ಮಾತು. ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ನನ್ನ ಕಾಕಾ ಅಲ್ಲಿಯ ಒಂದು ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದರು. ಮದುವೆಯಾಗಿ ಹೊರಡುವಾಗ ಉಳಿದವರೆಲ್ಲ ಸೀರೆ, ಪಾತ್ರೆ ಕೊಟ್ಟರೆ ಕಾಕಾ ನನ್ನ ಕೈಗಿಟ್ಟದ್ದು ಬೆರಳುದ್ದದ ಒಂದು ಕಾಗದದ ಲಕೋಟೆ. ಬಂಗಲೆಗೆ ಬಂದಿದ್ದ ಪರದೇಶದ ಅತಿಥಿಯೊಬ್ಬರು ಹೋಗುವಾಗ ಅವರಿಗೆ ಕೊಟ್ಟು ಹೋದ ಬೀಜ. ಮೇಲೆ ಕೋಳಿ ಕೆದರಿದಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. 

"ನಾನೂ ಈ ಹೂ ಕಣ್ಣಿಲೆ ನೋಡಿಲ್ಲ ಮಗಳ," ಅಂದರು ಕಾಕಾ. "ನೇರಳಿ ಬಣ್ಣದ್ದಂತ. ಮದಲನೇ ವರ್ಷ ಬರೇ ಎಲಿ, ಎರಡನೇ ವರ್ಷ ಹೂ. ಬುಡದಾಗ ನೀರ ನಿಂದ್ರಬಾರದಂತ. ಹಚ್ಚೂಕಿಂತ ಮದಲ ಇಪ್ಪತ್ತ ದಿನ ಹಸೀ ಉಸುಕಿನಾಗ ಇಟ್ಟು ತಂಪ ಮಾಡು ಅಂತ ಹೇಳ್ಯಾರ. ಇಷ್ಟ ನನಗ ಗೊತ್ತಿರೂದು."

ಯರಗುಪ್ಪಿಯ ಮನೆಯಲ್ಲಿ ನಾವು ನಾಲ್ಕೇ ಜನ. ಮಾವನವರು ಮೂರು ಹೊತ್ತು ಲಿಂಗಪೂಜೆ ಮಾಡುವ, ಇಡೀ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಅನ್ನುವಂಥ ಮನುಷ್ಯ. ನಮ್ಮವರು ಕುಂದಗೋಳದ ಶಾಲೆಯಲ್ಲಿ ಮಾಸ್ತರರು, ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮನೆ, ಹಿತ್ತಲು, ದನದ ಕೊಟ್ಟಿಗೆ, ನಾವೆಲ್ಲರೂ ಅತ್ತೆಯವರ ಆಡಳಿತದಲ್ಲಿದ್ದೆವು. ಹಿತ್ತಲಿಗೆ ಅವರದೊಂದು ಕಾನೂನಿತ್ತು. ಕೆರೆಯಿಂದ ಕೊಡ ಹೊತ್ತು ತರುವ ಊರಲ್ಲಿ, ತಿನ್ನಲಿಕ್ಕೆ ಬಾರದ ಗಿಡಕ್ಕೆ ನೀರಿಲ್ಲ. ಮಾವನವರ ಪೂಜೆಗೆಂದು ಒಂದು ಕಣಗಿಲೆ ಗಿಡಕ್ಕೆ ಮಾತ್ರ ಮಾಫಿ. ಉಳಿದ ಜಾಗವೆಲ್ಲ ಬದನೆ, ಮೆಂತ್ಯ, ಹೀರೆಬಳ್ಳಿಗೆ. 

ಹೀಗಿರುವಾಗ ಒಂದು ಬೆಳಗ್ಗೆ ಟ್ರಂಕಿನಿಂದ ಸೀರೆ ತೆಗೆಯುತ್ತಿದ್ದಾಗ ಲಕೋಟೆ ಕೆಳಗೆ ಬಿತ್ತು. 

"ಅದೇನ ಬೇ?" ಅಂದರು ಅತ್ತೆ.

"ಬೀಜರಿ ಅತ್ತಿ. ನಮ್ಮ ಕಾಕಾ ಕೊಟ್ಟಾರ್ರಿ."

"ಯಾತರ ಬೀಜ?"

ಹೆಸರು ನನಗೂ ಗೊತ್ತಿರಲಿಲ್ಲ. ಚಹಾ ಕುಡಿಯುತ್ತ ಕೂತಿದ್ದ ನಮ್ಮವರಿಗೆ ಲಕೋಟೆ ಕೊಟ್ಟೆ. ಅವರು ಅದನ್ನು ಬೆಳಕಿಂಡಿಯ ಕಡೆಗೆ ಹಿಡಿದು, ಮಾಸ್ತರರ ದನಿಯಲ್ಲಿ ಓದಿದರು: "ಕೋನ್‌ಫ್ಲವರ್."

"ಏನಂದಿ? ಕಾಲಿಫ್ಲಾವರಾ?" 

ಅತ್ತೆಯವರ ಮುಖ ಅರಳಿದ್ದನ್ನು ನಾನು ಆ ಮನೆಗೆ ಬಂದ ಮೇಲೆ ನೋಡಿದ್ದು ಅದೇ ಮೊದಲು. ಅದಕ್ಕೆ ಕಾರಣವಿತ್ತು. ಅವರ ಅಕ್ಕನನ್ನು ಕೊಟ್ಟದ್ದು ಮಿಶ್ರಿಕೋಟಿಗೆ. ಅಲ್ಲಿ ಮಳೆ ಹೆಚ್ಚು, ಭತ್ತ ಬೆಳೆಯುತ್ತಾರೆ, ಹಿತ್ತಲಲ್ಲಿ ಬಿತ್ತಿದ್ದೆಲ್ಲ ಬರುತ್ತದೆ. ಆ ಅಕ್ಕ ಬಂದಾಗಲೆಲ್ಲ ಒಂದು ಚೀಲ ಕಾಯಿಪಲ್ಲೆ ತಂದು ಪಡಸಾಲೆಯಲ್ಲಿ ಸುರುವಿ, "ನಿಮ್ಮ ಎರಿ ಮಣ್ಣಿನಾಗ ಜ್ವಾಳ ಬಿಟ್ಟರ ಮತ್ತೇನ ಬೆಳೀತೈತಿ ಪಾಪ," ಅನ್ನುತ್ತಿದ್ದರಂತೆ. ಆ 'ಪಾಪ' ಅನ್ನುವ ಮಾತು ಅತ್ತೆಯವರಿಗೆ ಇಪ್ಪತ್ತು ವರ್ಷದಿಂದ ಚುಚ್ಚುತ್ತಿತ್ತು. 

"ಹುಬ್ಬಳ್ಳ್ಯಾಗ ನೋಡೇನಿ ನಾ. ಇಷ್ಟ ದೊಡ್ಡದು, ಬೆಳ್ಳಗ, ಹತ್ತಿ ಹಿಂಡಿದಂಗ ಇರ್ತೈತಿ. ನಮ್ಮ ಹಿತ್ತಲದಾಗ ಕಾಲಿಫ್ಲಾವರ್! ಅಕ್ಕ ಬಂದು ನೋಡಲಿ!"

ನಮ್ಮವರು ತಿದ್ದಲಿಕ್ಕೆ ಬಾಯಿ ತೆರೆದರು. ನಾನು ಅವರನ್ನು ನೋಡಿದೆ. ಮದುವೆಯಾಗಿ ಹದಿನೈದು ದಿನ, ನನ್ನ ನೋಟಕ್ಕೆ ಎಷ್ಟು ತೂಕವಿದೆ ಅಂತ ನನಗಿನ್ನೂ ಗೊತ್ತಿರಲಿಲ್ಲ. ಅವರು ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು, ಆಮೇಲೆ ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ದೊಡ್ಡ ಸಪ್ಪಳ ಮಾಡಿ ಕುಡಿದರು. ಗಂಡ ಅನ್ನುವವನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಸಪ್ಪಳದಿಂದ.

ಹೂವಿನ ಬೀಜವೆಂದು ಹೇಳಿದ್ದರೆ ಗೋಡೆಯ ಸಂದಿಯಲ್ಲೂ ಜಾಗ ಸಿಗುತ್ತಿರಲಿಲ್ಲ. ಕಾಲಿಫ್ಲವರಿಗೆ ಸಿಕ್ಕದ್ದು ಬಚ್ಚಲ ಪಕ್ಕದ ಮಡಿ, ಅಂದರೆ ಹಿತ್ತಲಿನ ಸಿಂಹಾಸನ. ಅಲ್ಲಿದ್ದ ಬದನೆ ಗಿಡಗಳನ್ನು ಅತ್ತೆ ತಾವೇ ಕಿತ್ತು ಹಾಕಿದರು. ಕಾಯಿ ಬಿಡುತ್ತಿದ್ದ ಗಿಡಗಳು. 

ಬೀಜವನ್ನು ಒಡೆದ ಗಡಿಗೆಯಲ್ಲಿ ಹಸಿ ಉಸುಕು ತುಂಬಿ, ಅದರಲ್ಲಿ ಹುದುಗಿಸಿ, ಕುಡಿಯುವ ನೀರಿನ ಹರವಿಯ ಪಕ್ಕ ಇಟ್ಟೆ. ಮಾಗಿಯ ಚಳಿ ಬೇರೆ. ಇಪ್ಪತ್ತು ದಿನದ ಮೇಲೆ ಮಡಿಗೆ ಹಾಕಿದೆವು. ಮೂವತ್ತರಷ್ಟು ಬೀಜದಲ್ಲಿ ಹನ್ನೊಂದು ಮೊಳೆತವು. ಎರಡನ್ನು ಪಕ್ಕದ ಮನೆಯ ಕೋಳಿ ಕೆದರಿತು. ಆ ಕೋಳಿಯ ಒಡತಿಗೆ ಅತ್ತೆ ಬೇಲಿಯ ಈಚೆಗೆ ನಿಂತು ಬೈದ ಬೈಗುಳದಿಂದಲೇ ನಮ್ಮ ಹಿತ್ತಲಲ್ಲಿ ಏನು ಬೆಳೆಯುತ್ತಿದೆ ಅಂತ ಓಣಿಗೆಲ್ಲ ತಿಳಿದದ್ದು. ಮಿಶ್ರಿಕೋಟಿಗೂ ಸುದ್ದಿ ಹೋಯಿತು. ಆ ಕಡೆ ಹೋಗುವವರು ಯಾರೇ ಸಿಗಲಿ, ಬಸ್ಸು ಹತ್ತುವ ಮೊದಲು ಅವರ ಕಿವಿಗೆ ಕಾಲಿಫ್ಲವರ್ ಬೀಳುತ್ತಿತ್ತು.

ಉಳಿದದ್ದು ಒಂಬತ್ತು ಸಸಿ. ಅವುಗಳಿಗೆ ಸಿಕ್ಕ ಉಪಚಾರ ನನಗೂ ಸಿಕ್ಕಿರಲಿಲ್ಲ. ಜರಡಿ ಹಿಡಿದ ತಿಪ್ಪೆಗೊಬ್ಬರ, ಹುಳ ಬೀಳದಂತೆ ಒಲೆಯ ಬೂದಿ, ಬಿಸಿಲಿಗೆ ಜೋಳದ ಕಣಿಕೆಯ ಮರೆ. ಎಲೆಗಳು ಉದ್ದವಾಗಿ, ಆಕಳ ನಾಲಿಗೆಯಂತೆ ಒರಟಾಗಿ ಬಂದವು. ಬಂದವು, ಬಂದವು, ಬರೀ ಎಲೆಯೇ ಬಂದವು. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಮತ್ತೆ ಜೋಳ ಬಿತ್ತಿ ಬೆಳೆದು ಕೊಯ್ಯುವ ಹೊತ್ತು ಬಂತು. ನೆಲಕ್ಕೆ ಕಚ್ಚಿಕೊಂಡ ಎಲೆಯ ಗುಂಪು ಬಿಟ್ಟರೆ ಏನಿಲ್ಲ. 

ನೀರಿಗೆ ಹೋದಲ್ಲಿ ಹೆಂಗಸರು ಕೇಳುತ್ತಿದ್ದರು: "ಏನ್ರಿ, ಗಡ್ಡಿ ಕಟ್ಟತೇನ್ರಿ?"

"ಎರಡನೇ ವರ್ಷಕ್ಕಂತ," ಅನ್ನುತ್ತಿದ್ದರು ಅತ್ತೆ, ಕಾಕಾ ಹೇಳಿದ್ದೆಂದು ನಾನು ಅಂದದ್ದನ್ನೇ ಅಗದಿ ಬಲ್ಲವರ ಹಾಗೆ. "ಪರದೇಶದ್ದು ಅದು. ನಿಮ್ಮ ಮೂಲಂಗಿ ತಿಳದೀರೇನು?"

ಹೇಳಿಬಿಡಬೇಕು ಅಂತ ಎಷ್ಟೋ ಸಲ ಅನ್ನಿಸಿತು. ಆದರೆ ದಿನ ಹೋದಂತೆ ಹೇಳುವುದು ಇನ್ನೂ ಕಷ್ಟವಾಗುತ್ತದೆ. ಮೊದಲ ದಿನವೇ ಹೇಳಿದ್ದರೆ ಅದು ನಗುವ ಮಾತು. ಒಂದು ವರ್ಷದ ಗೊಬ್ಬರ ತಿಂದ ಮೇಲೆ ಅದು ಮೋಸ. ನಮ್ಮವರನ್ನು ಕೇಳಿದರೆ, "ನಾ ಏನೂ ಅಂದೇ ಇಲ್ಲಲಾ, ನಾ ಬರೇ ಚಾ ಕುಡದೇನಿ," ಅನ್ನುತ್ತಿದ್ದರು.

ಎರಡನೆಯ ವರ್ಷದ ಮುಂಗಾರು ಬಿದ್ದ ಮೇಲೆ ಎಲೆಗಳ ನಡುವಿನಿಂದ ದಂಟು ಎದ್ದಿತು. ಮಂಡಿಯೆತ್ತರ, ಆಮೇಲೆ ತೊಡೆಯೆತ್ತರ. ತುದಿಯಲ್ಲಿ ಹಸಿರು ಬಿಲ್ಲೆಯಂಥದ್ದೊಂದು ಮೂಡಿತು. ಅತ್ತೆ ದಿನಾ ಬೆಳಗ್ಗೆ ಮುಖ ತೊಳೆಯುವ ಮೊದಲೇ ಅಲ್ಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. 

"ಬಾ ಬೇ ಇಲ್ಲೆ, ಲಗೂನ ಬಾ! ಕಟ್ಟಾಕತ್ತೈತಿ ನೋಡು! ಗಡ್ಡಿ ಕಟ್ಟಾಕತ್ತೈತಿ!"

ಕಟ್ಟಿದ್ದು ಹೂ. ಬಿಲ್ಲೆಯ ಸುತ್ತ ಮೊದಲು ಹಸಿರು ಎಸಳು ಇಣುಕಿ, ನಾಲ್ಕೈದು ದಿನದಲ್ಲಿ ಬಣ್ಣ ತುಂಬಿಕೊಂಡು, ನಮ್ಮ ಇಳಕಲ್ಲ ಸೀರೆಗಳಲ್ಲೂ ನೋಡದಂಥ ಒಂದು ನೇರಳೆ ಆಯಿತು. ನಡುವಿನ ಬಿಲ್ಲೆ ಮೇಲೆದ್ದು ಸಣ್ಣ ಗುಡ್ಡವಾಗಿ, ಅದರ ತುಂಬ ಕೆಂಗಂದು ಬಣ್ಣದ ಮುಳ್ಳು ಮುಳ್ಳು. ನಾನು ಹತ್ತಿರ ಬಾಗಿ ನೋಡಿದೆ. ಅತ್ತೆಯೂ ಬಾಗಿದರು. 

"ಇದೇನಿದು? ಬೆಳ್ಳಗಿರಬೇಕಲಾ?"

"ಜಾತಿ ಬ್ಯಾರೆ ಇರಬೇಕ್ರಿ," ಅಂದೆ. ಈ ಸಲ ಬಾಯಿ ತೆರೆದೇ ಹೇಳಿದ ಸುಳ್ಳು.

"ಇರಬೇಕು. ಇನ್ನಾ ಎಳೇದು. ಬಲೀಲಿ ತಡಿ." ಅವರು ಬಿಟ್ಟುಕೊಡುವ ಪೈಕಿಯಲ್ಲ. 

ಮತ್ತೆ ಮೂರು ದಿನಕ್ಕೆ ಹೂವಿನ ಎಸಳುಗಳೆಲ್ಲ ಕೆಳಗೆ ಬಾಗಿದವು. ಒಂದಲ್ಲ, ಒಂಬತ್ತೂ ಗಿಡದ ಹೂಗಳು ತಲೆಯ ಮೇಲೆ ಮುಳ್ಳಿನ ಕಿರೀಟ ಇಟ್ಟುಕೊಂಡು ಸೆರಗು ಇಳಿಬಿಟ್ಟು ನಿಂತ ಹಾಗೆ ಕಂಡವು. ಆ ಹೂವಿನ ಸ್ವಭಾವವೇ ಹಾಗೆ, ಅರಳಿದ ಮೇಲೆ ಅದರ ಎಸಳು ಜೋತೇ ಇರುತ್ತದೆ. ಆದರೆ ಅದನ್ನು ಕಂಡವರು ನಮ್ಮಲ್ಲಿ ಯಾರಿದ್ದರು? ಕಾಕಾ ಕೂಡ ಹೇಳಿರಲಿಲ್ಲ. ನನಗೆ ಕಂಡದ್ದು ಇಷ್ಟೇ: ಗಿಡ ಬಾಡುತ್ತಿದೆ, ನೀರು ಸಾಲದು. ಆ ವಾರ ಮಳೆಯೂ ಬಿಡುವು ಕೊಟ್ಟಿತ್ತು. ಅತ್ತೆ ಕೊಟ್ಟಿಗೆಯಲ್ಲಿದ್ದಾಗ ಯಾರಿಗೂ ಹೇಳದೆ ದಿನಾ ಒಂದು ಕೊಡ ನೀರು ಹಾಕತೊಡಗಿದೆ. ಬುಡದಲ್ಲಿ ನೀರು ನಿಲ್ಲಬಾರದು ಅಂದ ಕಾಕಾನ ಮಾತು ನೆನಪಿತ್ತು. ಒಂದು ಕೊಡದಿಂದ ಏನಾದೀತು ಅಂತ ಅಂದುಕೊಂಡೆ.

ಏನಾಯಿತೆಂದರೆ, ಎಲೆ ಹಳದಿಯಾದವು. ಇನ್ನಷ್ಟು ನೀರು ಹಾಕಿದೆ. ದಂಟು ಕಪ್ಪಾಗಿ ಒಂದು ಗಿಡ ವಾಲಿತು. ಅವತ್ತು ಸಂಜೆ ಗಾಬರಿಯಲ್ಲಿ ಕೊಡ ಎತ್ತಿಕೊಂಡು ಹಿತ್ತಲಿಗೆ ಓಡಿದರೆ, ಅಲ್ಲಿ ಅತ್ತೆ ತಮ್ಮ ಕೊಡ ಬಗ್ಗಿಸಿ ನಿಂತಿದ್ದರು.

"ನೀನೂ ಹಾಕಾಕತ್ತೀಯೇನ?" ಅಂದರು.

"ಹೌದ್ರಿ. ನೀವೂ?"

"ದಿನಾ ಮಧ್ಯಾಹ್ನ ಹಾಕೇನಿ. ಪಾಪ, ಮಾರಿ ಜೋಲ ಹಾಕ್ಕೊಂಡು ನಿಂತಿದ್ವು."

ನಮ್ಮ ಮಾತು ಕೇಳಿ ಕಣಗಿಲೆಯ ಬಳಿ ಇದ್ದ ಮಾವನವರು ಕೆಮ್ಮಿದರು. ಪೂಜೆಯ ನೀರೆಲ್ಲ ತಾವು ಈ ಗಿಡಗಳಿಗೇ ಹಾಕುತ್ತಿರುವುದಾಗಿ ಒಪ್ಪಿಕೊಂಡರು. ಮೂರು ಹೊತ್ತಿನ ಪೂಜೆ. ಶಾಲೆಯಿಂದ ಬಂದ ನಮ್ಮವರು ಕಾಲು ತೊಳೆಯುವುದನ್ನು ಆ ಮಡಿಯಲ್ಲೇ ಇಟ್ಟುಕೊಂಡಿದ್ದರಂತೆ. ಬೇಲಿಯ ಆಚೆಯಿಂದ ಕೋಳಿಯ ಒಡತಿ, "ನಾನೂ ಪಾತ್ರಿ ತೊಳದ ನೀರ ಒಂದೀಟ ಈ ಕಡಿ ಚೆಲ್ಲತಿದ್ನಿರಿ, ಬೈಬ್ಯಾಡ್ರಿ," ಅಂದಳು. 

ಎರೆ ಮಣ್ಣು ಕುಡಿದ ನೀರನ್ನು ಬಿಡುವ ಮಣ್ಣಲ್ಲ. ಐದು ಜನರ ಕರುಣೆ ಅಲ್ಲಿ ಕೆಸರಾಗಿ ನಿಂತಿತ್ತು. ಒಂಬತ್ತರಲ್ಲಿ ಆರು ಗಿಡ ಆ ವಾರದಲ್ಲೇ ಹೋದವು.

ಸತ್ತ ಗಿಡ ಕೀಳುವ ದಿನ ನಾನು ಮತ್ತು ಅತ್ತೆ ಇಬ್ಬರೇ ಇದ್ದೆವು. ಒಂದು ಗಿಡದ ಬೇರು ಅಷ್ಟು ಕೊಳೆತಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಅತ್ತೆ ಯೋಚಿಸಿದರು. ಆ ಯೋಚನೆ ಎತ್ತ ಹೋಗುತ್ತಿದೆ ಅಂತ ನನಗೆ ತಿಳಿಯಲಿಲ್ಲ. ಬೇರನ್ನು ತೊಳೆದರು, ಉಗುರಿನಿಂದ ಕೆರೆದರು.

"ಏ ಬೇ, ತಿನ್ನೂದು ಕೆಳಗ ಇರಬೇಕು ನೋಡು. ಮೂಲಂಗಿ ಹಂಗ. ನಾವು ಹುಚ್ಚರು ಮ್ಯಾಲ ಹುಡಕಾಕತ್ತೇವಿ," ಅಂದವರೇ ಕಟಕ್ಕನೆ ಕಚ್ಚಿ ಅಗಿದರು.

ಎರಡು ಸಲ ಅಗಿದರು. ಮೂರನೆಯ ಸಲಕ್ಕೆ ದವಡೆ ನಿಂತಿತು. ಕಣ್ಣು ಅಗಲವಾದವು. ಉಗುಳಿ, ನಾಲಿಗೆ ಹೊರಗೆ ಚಾಚಿ, ಅದನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. 

"ನಾಲಗಿ... ಜುಮ್ ಜುಮ್ ಅನ್ನಾಕತ್ತೈತಿ... ನಾಲಗಿ ಐತಿಲ್ಲೋ?"

ಗುರುತಿಲ್ಲದ ಪರದೇಶದ ಗಿಡ, ವಿಷವಾಗಿದ್ದರೆ? ಅತ್ತೆಯ ಕಾಲ ಬಳಿ ಕೂತು ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಕಾಲಿಫ್ಲವರ್ ಅಲ್ಲರಿ, ಕೋನ್‌ಫ್ಲವರ್ ರಿ, ಬರೇ ಹೂರಿ, ಹೂ ಅಂದ್ರ ಜಾಗಾ ಕೊಡೂದಿಲ್ಲ ಅಂತ ಸುಮ್ಮನಿದ್ದೆರಿ, ತಪ್ಪಾತರಿ. ಅವರು ಬಚ್ಚಲ ಕಲ್ಲಿನ ಮೇಲೆ ಬಾಯಿ ತೆರೆದು ಕೂತು ಕೇಳಿದರು. ನಾನು ನೀರು ಕೊಟ್ಟೆ, ಬೆಲ್ಲ ಕೊಟ್ಟೆ, ಮಜ್ಜಿಗೆ ಕೊಟ್ಟೆ. ಕಾಲು ಗಂಟೆಯಲ್ಲಿ ನಾಲಿಗೆ ಸರಿಹೋಯಿತು. ವಿಷವೂ ಇಲ್ಲ, ಏನೂ ಇಲ್ಲ. ಸರಿಹೋದ ನಾಲಿಗೆಯಿಂದ ಅವರು ಕೇಳಿದ ಮೊದಲ ಪ್ರಶ್ನೆ:

"ಹಂಗಾರ ಇದು ಬರೇ ಹೂ?"

"ಹೌದ್ರಿ."

"ಬದನಿ ಗಿಡಾ ಕಿತ್ತಿದ್ದು ಹೂವಿಗೆ?"

"ಹೌದ್ರಿ."

"ನಿನ್ನ ಗಂಡಗ ಗೊತ್ತಿತ್ತು?"

ನಾನು ಮಜ್ಜಿಗೆಯ ತಂಬಿಗೆಯನ್ನು ಮತ್ತೆ ಮುಂದೆ ಚಾಚಿದೆ. 

"ಅವತ್ತ ಅಂವಾ ಹಂಗ ಚಾ ಕುಡದದ್ದು ಯಾಕಂತ ಈಗ ತಿಳೀತು," ಅಂದು ಎದ್ದು ಒಳಗೆ ಹೋದರು.

ಎರಡು ದಿನ ನಮ್ಮಿಬ್ಬರ ಜೊತೆಗೂ ಮಾತಿಲ್ಲ. ರೊಟ್ಟಿ ಬಡಿಯುವ ಸಪ್ಪಳದಲ್ಲೇ ಎಲ್ಲ ಬೈಗುಳವೂ ಇತ್ತು. ಮೂರನೆಯ ದಿನ ಮಿಶ್ರಿಕೋಟಿಯಿಂದ ಬಂದ ಒಬ್ಬರು ಸುದ್ದಿ ತಂದರು. ಶ್ರಾವಣ ಹತ್ತಿದೆ, ಅಕ್ಕ ನಾಡಿದ್ದು ಬರುತ್ತಾರೆ, ಕಾಲಿಫ್ಲವರ್ ಪಲ್ಲೆ ತಿಂದೇ ಹೋಗುವುದಂತೆ. ಅತ್ತೆ ಸೀದಾ ನನ್ನ ಬಳಿ ಬಂದು, ಎರಡು ದಿನದ ಸಿಟ್ಟನ್ನು ಪಕ್ಕಕ್ಕಿಟ್ಟು, ಪಿಸುಗುಟ್ಟಿದರು:

"ಈಗೇನ ಮಾಡೂಣು?"

ಆ 'ಮಾಡೂಣು' ಕೇಳಿ ನನಗೆ ಹೋದ ಜೀವ ಬಂತು.

ಮರುದಿನ ನಮ್ಮವರನ್ನು ಶಾಲೆಗೆ ರಜೆ ಹಾಕಿಸಿ ಹುಬ್ಬಳ್ಳಿಗೆ ಕಳಿಸಿದೆವು. ಅವರು ಸಂಜೆ ಎರಡು ದೊಡ್ಡ ಕಾಲಿಫ್ಲವರನ್ನು ಧೋತರದಲ್ಲಿ ಸುತ್ತಿ, ಕಂಕುಳಲ್ಲಿ ಕೂಸಿನಂತೆ ಹಿಡಿದು ತಂದರು. ದಾರಿಯಲ್ಲಿ ಸಿಕ್ಕವರು "ಏನ್ರಿ ಮಾಸ್ತರ ಅದು?" ಅಂದರೆ "ಪೇಪರ ತಿದ್ದೂವು" ಅಂದರಂತೆ. ಕಾಲಿಫ್ಲವರನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಬೇಯಿಸಿರಲಿಲ್ಲ. ಅತ್ತೆ ಎಣ್ಣೆಬದನೆಕಾಯಿಗೆ ಹಾಕುವುದನ್ನೆಲ್ಲ ಅದಕ್ಕೆ ಹಾಕಿದರು: ಶೇಂಗಾ ಪುಡಿ, ಗುರೆಳ್ಳು, ಕೆಂಪು ಖಾರ. 

ಅಕ್ಕ ಬಂದರು. ಎಂದಿನಂತೆಯೇ ಚೀಲವನ್ನೂ ತಂದು ಸುರುವಿದರು. ಅತ್ತೆ ಆ ರಾಶಿಯನ್ನು ತಿರುಗಿಯೂ ನೋಡದೆ ತಾಟು ಹಾಕಿದರು. ಅಕ್ಕ ಒಂದು ತುತ್ತು ತಿಂದು, ಇನ್ನೊಂದು ತಿಂದು, "ಛಲೋ ಆಗೇತಿ ಬಿಡು," ಅಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಅತ್ತೆಯವರ ಬೆನ್ನು ನೆಟ್ಟಗಾಯಿತು. "ಗಿಡಾ ತೋರಸು ಮತ್ತ," ಅಂದಾಗಲೂ ಅವರು ಹೆದರಲಿಲ್ಲ. "ಎಲ್ಲಾ ಕಿತ್ತೇವಿ ಅಕ್ಕಾ. ಇವೆರಡ ನಿನ್ನ ಸಲುವಾಗಿ ಇಟ್ಟಿದ್ವಿ," ಅಂದರು. ನಾನು ಬಾಗಿಲ ಬಳಿ ನಿಂತು ಅವರ ಧೈರ್ಯಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಆಗ ಪೂಜೆ ಮುಗಿಸಿದ ಮಾವನವರು ಊಟಕ್ಕೆ ಬಂದು ಕೂತರು. ಅಕ್ಕ ಅವರಿಗೂ ಒಂದು ಒಳ್ಳೆಯ ಮಾತು ಹೇಳಿದರು: "ನಿಮ್ಮ ಹಿತ್ತಲದ್ದು ಭಾಳ ರುಚಿ ಆಗೇತಿ ನೋಡ್ರಿ."

"ಇದು ಹುಬ್ಬಳ್ಳೀದರಿ," ಅಂದರು ಮಾವನವರು ರೊಟ್ಟಿ ಮುರಿಯುತ್ತ. "ನಮ್ಮ ಹಿತ್ತಲದಾಗ ಹೂ ಆಗ್ಯಾವ. ಅಗದಿ ಛಂದ ಅದಾವ. ಊಟಾ ಆದಮ್ಯಾಗ ನೋಡ ಬರ್ರಿ."

ಇಷ್ಟೆಲ್ಲ ಗಡಿಬಿಡಿಯಲ್ಲಿ ಅವರೊಬ್ಬರಿಗೆ ಹೇಳುವುದನ್ನೇ ನಾವು ಮರೆತಿದ್ದೆವು. ಒಂದು ತಿಂಗಳಲ್ಲಿ ಅವರು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು. ನಮ್ಮವರು ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಎತ್ತಿ, ಸಪ್ಪಳ ಮಾಡುತ್ತ ಕುಡಿಯತೊಡಗಿದರು. 

ಅಕ್ಕ ತಂಗಿಯ ಮುಖ ನೋಡಿದರು. ತಂಗಿ ಗೋಡೆ ನೋಡಿದರು. ಆಮೇಲೆ ಅಕ್ಕನಿಗೆ ನಗು ಹತ್ತಿತು. ಸಣ್ಣ ನಗುವಲ್ಲ, ತಾಟು ಬದಿಗೆ ಸರಿಸಿ, ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಯವ್ವಾ ಯವ್ವಾ, ನನ್ನ ಸಲುವಾಗಿ ಹುಬ್ಬಳ್ಳಿಗೆ ಹೋಗಿದ್ರೇನ? ನಾ ಏನು ಹುಲಿ ಏನ ಬೇ ತಂಗಿ?" ಅಂದರು. ಅತ್ತೆ ಮೊದಲು ಬಿಗಿದುಕೊಂಡಿದ್ದರು. ಆಮೇಲೆ ತುಟಿಯ ಕೊನೆ ಅಲುಗಿತು. ನಾಲಿಗೆ ಜುಮ್ಮೆಂದ ಕಥೆಯನ್ನು ತಾವೇ ಹೇಳತೊಡಗಿದರು, ಅದೂ ನಾಲಿಗೆ ಹೊರಚಾಚಿ ತೋರಿಸುತ್ತ. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಕ್ಕ ಆ ನಗುವಿಗೆ ಬೇಲಿಯ ಆಚೆಯ ಕೋಳಿಗಳು ಹಾರಿದವು. 

ಹಿತ್ತಲಲ್ಲಿ ಮೂರು ಗಿಡ ಉಳಿದಿದ್ದವು. ಅವು ಉಳಿದದ್ದಕ್ಕೆ ಕಾರಣವೂ ಆಗ ಕಂಡಿತು. ಅವಿದ್ದ ಕಡೆ ಹಳೆಯ ಗೋಡೆಯೊಂದು ಬಿದ್ದು ಕಲ್ಲು, ಗರಸು ಸೇರಿಕೊಂಡಿತ್ತು, ನೀರು ನಿಲ್ಲದೆ ಇಳಿದು ಹೋಗಿತ್ತು. ಹೂಗಳ ಮೇಲೆ ಪಾತರಗಿತ್ತಿಗಳು ಕೂತಿದ್ದವು. ಅಕ್ಕ ನಡುವಿನ ಮುಳ್ಳಿನ ಗುಡ್ಡದ ಮೇಲೆ ಅಂಗೈ ಆಡಿಸಿ, "ಇವು ನನಗೂ ಬೇಕು," ಅಂದರು.

ಅತ್ತೆ ಕಾಯುತ್ತಿದ್ದ ಗಳಿಗೆ ಅದು. "ನಿಮ್ಮಲ್ಲೆ ಮಳಿ ಜಾಸ್ತಿ ಅಕ್ಕಾ, ಕೊಳೀತಾವ. ಗರಸು ಹಾಕಿ ದಿಬ್ಬಾ ಮಾಡಬೇಕು. ಮಾರಿ ಜೋತ ಬಿದ್ರ ನೀರ ಹಾಕಬಾರದು, ಅದರ ಗುಣಾನ ಹಂಗ, ಈ ಮೂರೂ ಹಂಗ ಅದಾವ ನೋಡು. ಗೊಬ್ಬರ ಭಾಳ ಬ್ಯಾಡ. ಬಾಡಿದ ಹೂ ಚಿವುಟಿದ್ರ ಮತ್ತ ಬಿಡತಾವ, ಬೀಜ ಬೇಕಂದ್ರ ನಾಲ್ಕ ಬಿಡು. ನಾಜೂಕ ಗಿಡಾ. ಎಲ್ಲಾರ ಕೈಲೆ ಆಗೂದಿಲ್ಲ." ಕೊನೆಗೆ ಒಂದು ಉಸಿರು ಬಿಟ್ಟು, "ನೋಡು, ನಿಮ್ಮ ಮಣ್ಣಿನಾಗ ಬಂದ್ರ ಬರತಾವ, ಪಾಪ," ಅಂದರು.

ಅಕ್ಕ ಅದನ್ನು ಗಮನಿಸಿದರೋ ಇಲ್ಲವೋ, ನಾನಂತೂ ಗಮನಿಸಿದೆ.

ಆ ವರ್ಷ ಬೀಜ ಬಲಿಯುವ ಹೊತ್ತಿಗೆ ಗುಬ್ಬಿಗಳು ಮುಳ್ಳಿನ ಮೇಲೇ ಕೂತು ಹೆಕ್ಕಲು ಶುರುಮಾಡಿದವು. ಅತ್ತೆ ಹಳೆಯ ಕುಬಸ ಹರಿದು ನಾಲ್ಕು ಹೂವಿಗೆ ಚೀಲ ಕಟ್ಟಿದರು. ಒಂದು ಪಾಲು ಮಿಶ್ರಿಕೋಟಿಗೆ ಹೋಯಿತು, ಒಂದು ಪಾಲು ಧಾರವಾಡದ ಕಾಕಾನಿಗೆ. ಬಿದ್ದ ಗೋಡೆಯ ಮಣ್ಣನ್ನು ಎಳೆದು ನಾವಿಬ್ಬರೂ ಮೊಳಕಾಲೆತ್ತರದ ದಿಬ್ಬ ಮಾಡಿದೆವು. ಬಚ್ಚಲ ಪಕ್ಕದ ಮಡಿಗೆ ಬದನೆ ವಾಪಸು ಬಂತು. ಮಾವನವರು ಪೂಜೆಗೆ ಕಣಗಿಲೆಯ ಜೊತೆ ದಿನಾ ಒಂದು ಕೋನ್‌ಫ್ಲವರ್ ಏರಿಸತೊಡಗಿದರು. ಮುಳ್ಳು ತಾಗೀತೆಂದು ಎಸಳನ್ನಷ್ಟೇ ಬಿಡಿಸಿ ಹಾಕುತ್ತಿದ್ದರು. 

ಎರಡು ವರ್ಷದ ಮೇಲೆ ಮಿಶ್ರಿಕೋಟಿಯಲ್ಲಿ ಹೂ ಬಂದಿದೆ ಅನ್ನುವ ಸುದ್ದಿ ಸಿಕ್ಕಿತು. ನೋಡಿ ಬರೋಣ ಅಂತ ಅತ್ತೆ ನನ್ನೊಬ್ಬಳನ್ನೇ ಕರೆದುಕೊಂಡು ಹೊರಟರು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ಇಬ್ಬರೂ ನಿಂತು ಮಿರ್ಚಿ ಭಜಿ ತಿಂದೆವು, ಮನೆಯಲ್ಲಿ ಹೇಳಬಾರದು ಅನ್ನುವ ಕರಾರಿನ ಮೇಲೆ. ಮಿಶ್ರಿಕೋಟಿಯ ಹಿತ್ತಲಲ್ಲಿ ಹೂಗಳು ನಮ್ಮದಕ್ಕಿಂತ ಒಂದು ಗೇಣು ಎತ್ತರವಾಗಿದ್ದವು. ಅತ್ತೆ ಸುತ್ತ ನಡೆದು, ದಂಟು ಮುಟ್ಟಿ, ಮಣ್ಣು ಹಿಸುಕಿ ನೋಡಿ, "ಎತ್ತರ ಅದಾವ, ಖರೆ. ಬಣ್ಣ ನಮ್ಮದ ಗಾಢ," ಅಂತ ತೀರ್ಪು ಕೊಟ್ಟರು. ಅಕ್ಕ ಒಪ್ಪಲಿಲ್ಲ. ಆ ವಾದ ನಡೆದಷ್ಟು ದಿನ ನಾವು ಅಲ್ಲೇ ಉಳಿದೆವು, ಒಟ್ಟು ನಾಲ್ಕು ದಿನ.